ಘಟ್ಟ ಹತ್ತಿ ಒಂದು ದಿನ

ಬ್ರಹ್ಮಾವರದಿಂದ ಕುಂದಾಪುರಕ್ಕೆ ಬರುವ ಹೆದ್ದಾರಿಯಲ್ಲಿ ಕುಂಭಾಶಿಯನ್ನು ದಾಟುವಾಗ ಕೈಮುಗಿಯದೆ ಮುಂದರಿಯುವವರು ನಮ್ಮ ಕಡೆಯಲ್ಲಿ ವಿರಳ. ಅಲ್ಲಿ ವಿನಾಯಕನು ನೆಲೆಸಿರುವ ಗುಡ್ಡಕ್ಕೆ ಆನೆಗುಡ್ಡೆಯೆಂದು ಹೆಸರು. ಹೆಸರಿನಲ್ಲಿ ಆನೆಯುಂಟು, ಗರ್ಭಗುಡಿಯಲ್ಲಿ ಆನೆಮೊಗದ ದೇವರುಂಟು. ಆದರೆ ಜೀವಂತವಾದ ಆನೆಯನ್ನು ಕಾಡಿನ ಅಂಚಿನಲ್ಲಿ, ಹೊಳೆಯ ನೀರಿನಲ್ಲಿ, ಮನಸ್ಸು ತುಂಬುವಷ್ಟು ಹೊತ್ತು ನಿಂತು ನೋಡಿದವರು ನಮ್ಮ ಕರಾವಳಿಯ ಗೃಹಸ್ಥರಲ್ಲಿ ಎಷ್ಟು ಮಂದಿ ಇದ್ದಾರು? ಉತ್ಸವದ ಗದ್ದಲದಲ್ಲಿ, ಜನರ ತಲೆಗಳ ಮೇಲಿಂದ, ಒಂದು ಕ್ಷಣ ಕಂಡುದೇ ನಮ್ಮ ಆನೆಯ ಪರಿಚಯ.

ಇತಿಹಾಸದ ವಿಷಯದಲ್ಲಿಯೂ ನಮ್ಮ ಸ್ಥಿತಿ ಇದಕ್ಕಿಂತ ಉತ್ತಮವಾದುದಲ್ಲ. ಬಾರಕೂರಿನ ಕತ್ತಲೆ ಬಸದಿಯ ಬಳಿ ಆಡಿ ಬೆಳೆದವರೂ, ಬಸ್ರೂರಿನ ಮಹಾಲಿಂಗೇಶ್ವರನಿಗೆ ದೀಪ ಹಚ್ಚಿದವರೂ ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಊರುಗಳನ್ನು ಘಟ್ಟದ ಮೇಲೆ ಕುಳಿತು ಆಳಿದ ಅರಸರು ಯಾರು, ಅವರ ಕೋಟೆ ಎಲ್ಲಿ, ಆ ಕೋಟೆಗೂ ನಮ್ಮ ಹೊಳೆಬಾಗಿಲಿಗೂ ಏನು ಸಂಬಂಧ ಎಂದು ಮಕ್ಕಳು ಕೇಳಿದರೆ ನಾವು ಮಾತನ್ನು ಬೇರೆ ಕಡೆಗೆ ತಿರುಗಿಸುವವರೇ. ಈ ಎರಡು ಕೊರತೆಗಳನ್ನೂ ಒಂದೇ ದಿನದಲ್ಲಿ ತೀರಿಸಿಕೊಳ್ಳಬಹುದೆಂದು ನಮಗೆ ತೋರಿಸಿಕೊಟ್ಟವರು ನಮ್ಮ ನೆರೆಯ ಒಬ್ಬ ನಿವೃತ್ತ ಉಪಾಧ್ಯಾಯರು. ಅವರ ಮಾರ್ಗದರ್ಶನದಲ್ಲಿ ಕಳೆದ ಮಾರ್ಗಶಿರದ ಒಂದು ದಿನ ನಾವು ಮಾಡಿಬಂದ ಪ್ರವಾಸದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇನೆ. ಮನಸ್ಸು ಮಾಡಿದ ಯಾವ ಕುಟುಂಬವೂ ಇದನ್ನು ಮಾಡಬಹುದು.

ಮೂರು ಕರಾರುಗಳು

ಹೊರಟವರು ಮೂರು ಮನೆಯವರು: ಬೈಂದೂರಿನಿಂದ ನಾಲ್ವರು, ಬ್ರಹ್ಮಾವರದಿಂದ ಮೂವರು, ಕುಂದಾಪುರದ ನಾವು ಐವರು. ನಮ್ಮೊಡನೆ ಎಪ್ಪತ್ತನ್ನು ದಾಟಿದ ನನ್ನ ತಾಯಿಯವರೂ, ಶಾಲೆಗೆ ಹೋಗುವ ನಾಲ್ಕು ಮಕ್ಕಳೂ ಇದ್ದರು. ಬಾಡಿಗೆಯ ಒಂದು ವ್ಯಾನನ್ನು ಗೊತ್ತುಮಾಡಿದ್ದೆವು. ಹಿಂದಿನ ದಿನವೇ ಮೇಷ್ಟರು ಎಲ್ಲರನ್ನೂ ಕೂರಿಸಿ ಮೂರು ಕರಾರುಗಳನ್ನು ಹೇಳಿದರು. ಮೊದಲನೆಯದು, ಬೆಳಗಿನ ಜಾವ ನಾಲ್ಕೂವರೆಗೆ ಗಾಡಿ ಹೊರಡತಕ್ಕದ್ದು. ಆನೆಯ ಬಿಡಾರವು ಪ್ರೇಕ್ಷಕರಿಗೆ ತೆರೆದಿರುವುದು ಮುಂಜಾನೆ ಮಾತ್ರ, ಮಧ್ಯಾಹ್ನಕ್ಕೆ ಹೋದವರು ಖಾಲಿ ಹೊಳೆಯನ್ನು ನೋಡಿ ಬರಬೇಕಾಗುವುದು. ಎರಡನೆಯದು, ಆನೆಯ ಬೆನ್ನಿನ ಮೇಲೆ ಯಾರೂ ಕೂರಕೂಡದು, ಕೋಟೆಯ ಕಲ್ಲಿನ ಮೇಲೆ ಯಾರೂ ಹೆಸರು ಕೊರೆಯಕೂಡದು. ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾಗಿದ್ದಿತು. ಪ್ರತಿಯೊಂದು ಸ್ಥಳದಲ್ಲಿಯೂ ಮೊದಲ ಐದು ನಿಮಿಷ ಯಾರೂ ಮಾತನಾಡಕೂಡದು, ಮೊಬೈಲನ್ನು ಕಿಸೆಯಿಂದ ತೆಗೆಯಕೂಡದು, ಸುಮ್ಮನೆ ನೋಡತಕ್ಕದ್ದು. ಅನಂತರ ಒಬ್ಬೊಬ್ಬರೂ ತಾವು ಕಂಡ ಒಂದೊಂದು ವಿಷಯವನ್ನು ಹೇಳಬೇಕು. ಅದಾದ ಮೇಲೆಯೇ ತಾವು ಬಾಯಿ ತೆರೆಯುವುದು ಎಂದರು.

ಮಕ್ಕಳು ನಕ್ಕರು. ನಿಜವನ್ನು ಹೇಳುವುದಾದರೆ, ದೊಡ್ಡವರಾದ ನಮಗೂ ಇದು ಶಾಲೆಯ ಪಾಠದಂತೆ ತೋರಿತು.

ಕತ್ತಲೆಯಲ್ಲಿಯೇ ಬಸ್ರೂರು, ಕಂಡ್ಲೂರು, ಅಂಪಾರು, ಸಿದ್ದಾಪುರಗಳನ್ನು ದಾಟಿದೆವು. ಹೊಸಂಗಡಿಯಿಂದ ಬಾಳೆಬರೆ ಘಟ್ಟ ಆರಂಭವಾಗುವುದು. ಇದನ್ನೇ ಹುಲಿಕಲ್ಲು ಘಟ್ಟವೆಂದೂ ಕರೆಯುವರು. ಇಲ್ಲಿಯೇ ನೆಲದ ಒಡಲಿನೊಳಗೆ ವಾರಾಹಿಯ ನೀರಿನಿಂದ ವಿದ್ಯುಚ್ಛಕ್ತಿಯನ್ನು ಹುಟ್ಟಿಸುವ ೪೬೦ ಮೆಗಾವಾಟಿನ ಆಗಾರವಿದೆ. ದಾರಿಯ ಸುತ್ತು ಸುತ್ತಿಗೂ ಕಾಡು ಗಾಡಿಯ ಬೆಳಕಿಗೆ ಒಮ್ಮೆ ಎದ್ದು ಮತ್ತೆ ಮಲಗುತ್ತಿದ್ದಿತು. ಹುಲಿಕಲ್ಲಿನ ಚಂಡಿಕಾಂಬೆಯ ಗುಡಿಯ ಮುಂದೆ ಚಾಲಕನು ಗಾಡಿಯನ್ನು ನಿಲ್ಲಿಸಿ, ಇಳಿದು, ಕೈಮುಗಿದು ಬಂದನು. ಘಟ್ಟದ ಚಾಲಕರು ಬಿಡದೆ ನಡೆಯಿಸಿಕೊಂಡು ಬಂದ ಪದ್ಧತಿ ಇದು.

ಅಲ್ಲಿ ಮೇಷ್ಟರು ಹೇಳಿದ ಮಾತು ದಿನವಿಡೀ ನೆನಪಿನಲ್ಲಿ ಉಳಿಯಿತು. ನಾಡಿನಲ್ಲಿ ಅತ್ಯಧಿಕ ಮಳೆ ಬೀಳುವ ಸ್ಥಳಗಳಲ್ಲಿ ಈ ಹುಲಿಕಲ್ಲು ಒಂದು. ಇಲ್ಲಿ ಸುತ್ತಮುತ್ತಣ ಮಲೆಗಳ ಮೇಲೆ ಬಿದ್ದ ಮಳೆ ಮೂರು ಪಾಲಾಗುತ್ತದೆ. ಒಂದು ಪಾಲು ವಾರಾಹಿಯಾಗಿ ಬಸ್ರೂರಿನ ಪಕ್ಕದಿಂದ ಹರಿದು ಗಂಗೊಳ್ಳಿಯಲ್ಲಿ ಕಡಲನ್ನು ಸೇರುವುದು. ಒಂದು ಪಾಲು ಶರಾವತಿಯಾಗಿ ಜೋಗದಲ್ಲಿ ಧುಮುಕುವುದು. ಮತ್ತೊಂದು ಪಾಲು ತುಂಗೆಯಾಗಿ ಮೂಡಣಕ್ಕೆ ನಡೆದು, ಭದ್ರೆಯನ್ನು ಕೂಡಿಕೊಂಡು, ಹಂಪೆಯನ್ನು ಕಂಡು, ಕೃಷ್ಣೆಯಲ್ಲಿ ಬೆರೆಯುವುದು. "ಘಟ್ಟದ ಮೇಲಿನವರು, ಕೆಳಗಿನವರು ಎಂದು ನಾವು ಬೇರೆ ಮಾಡುತ್ತೇವೆ. ಮಳೆಗೆ ಆ ಭೇದವಿಲ್ಲ. ಹಳೆಯ ಅರಸರಿಗೂ ಇರಲಿಲ್ಲ" ಎಂದರು.

ತುಂಗೆಯ ತಡಿಯಲ್ಲಿ

ಮಾಸ್ತಿಕಟ್ಟೆಯ ಮಾರ್ಗವಾಗಿ ತೀರ್ಥಹಳ್ಳಿಗೆ ಬಂದು, ಅಲ್ಲಿಂದ ಶಿವಮೊಗ್ಗೆಯ ಹೆದ್ದಾರಿಯನ್ನು ಹಿಡಿದು ಸಕ್ರೆಬೈಲನ್ನು ಮುಟ್ಟಿದಾಗ ಒಂಬತ್ತು ಗಂಟೆಯಾಗುತ್ತ ಬಂದಿದ್ದಿತು. ಶಿವಮೊಗ್ಗೆಯಿಂದ ಇದು ೧೪ ಕಿಲೋಮೀಟರು ದೂರ. ಗಾಜನೂರಿನ ಅಣೆಕಟ್ಟಿನಿಂದ ತುಂಗೆಯ ನೀರು ಹಿಂದಕ್ಕೆ ಹರಡಿಕೊಂಡಿರುವ ಸ್ಥಳದಲ್ಲಿ, ಶೆಟ್ಟಿಹಳ್ಳಿಯ ಕಾಡಿನ ಸೆರಗಿನಲ್ಲಿ, ಅರಣ್ಯ ಇಲಾಖೆಯವರು ಕಳೆದ ಶತಮಾನದ ಐವತ್ತರ ದಶಕದಿಂದ ಈ ಬಿಡಾರವನ್ನು ನಡೆಯಿಸುತ್ತಿದ್ದಾರೆ.

ನಾವು ದಡದಲ್ಲಿ ಸಾಲಾಗಿ ನಿಂತೆವು. ಐದು ನಿಮಿಷದ ಮೌನ ಆರಂಭವಾಯಿತು.

ಮೊದಲ ಒಂದು ನಿಮಿಷ ಕಷ್ಟವೆನಿಸಿತು. ಕೈ ತಾನಾಗಿ ಕಿಸೆಗೆ ಹೋಗುತ್ತಿದ್ದಿತು. ಆಮೇಲೆ ಕಣ್ಣು ತೆರೆಯಿತು. ಆನೆಗಳು ನೀರಿನಲ್ಲಿ ಮಗ್ಗುಲಾಗಿ ಮಲಗಿದ್ದವು. ಕಾವಾಡಿಗಳು ಬೆನ್ನು, ಹೊಟ್ಟೆ, ಕಿವಿಯ ಹಿಂಭಾಗ, ಉಗುರಿನ ಸಂದು ಇವುಗಳನ್ನೆಲ್ಲ ಮಗುವಿಗೆ ಎಣ್ಣೆನೀರು ಹಾಕುವ ತಾಯಿಯ ಹಾಗೆ ತಿಕ್ಕುತ್ತಿದ್ದರು. ಒಂದು ಮರಿ ತಾಯಿಯ ಹೊಟ್ಟೆಯ ಕೆಳಗೆ ನುಸುಳಿ ಸೊಂಡಿಲಿನಿಂದ ನೀರನ್ನು ಎಲ್ಲಿಗೋ ಚಿಮುಕಿಸಿ ತಾನೇ ಬೆದರಿತು. ಆ ಪ್ರಾಣಿಗಳ ಉಸಿರಿನ ಸಪ್ಪಳ, ನೀರಿನ ಸಪ್ಪಳ, ನಡುನಡುವೆ ಮಾವುತನ ಒಂದೊಂದು ಸಣ್ಣ ಕೂಗು, ಇವಿಷ್ಟೇ ಕೇಳಿಸುತ್ತಿದ್ದವು.

ಅವಧಿ ಮುಗಿದ ಮೇಲೆ ನನ್ನ ತಾಯಿ ಮೊದಲಿಗರಾಗಿ ತಮ್ಮ ಕುಂದಾಪುರದ ಮಾತಿನಲ್ಲಿ "ಇಷ್ಟ್ ದೊಡ್ಡ್ ಜೀವಕ್ಕೆ ಇಷ್ಟ್ ಸಣ್ಣ್ ಕಣ್ಣಾ!" ಎಂದರು. ಬೈಂದೂರಿನ ಹುಡುಗನು ಉಗುರುಗಳನ್ನು ಎಣಿಸಿದ್ದನು: ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ನನ್ನ ಮಗಳು ಮಾತ್ರ ತಡೆದು ತಡೆದು ಹೇಳಿದಳು: "ಆ ದೊಡ್ಡ ಹೆಣ್ಣಾನೆಯ ಕಾಲಿನಲ್ಲಿ ಸರಪಳಿಯಿದೆ. ಸರಪಳಿಯ ಜಾಗದಲ್ಲಿ ಚರ್ಮದ ಬಣ್ಣ ಬೇರೆಯಾಗಿದೆ."

ಹೊಳೆಯಿಂದ ಮೇಲೆ ಬರುತ್ತಿದ್ದ ಒಬ್ಬ ವೃದ್ಧ ಕಾವಾಡಿ ಈ ಮಾತನ್ನು ಕೇಳಿ ನಿಂತನು. ಮೇಷ್ಟರ ಪರಿಚಯ ಅವನಿಗಿದ್ದಿತು. ಆ ದಿನದ ನಮ್ಮ ಎರಡನೆಯ ಉಪಾಧ್ಯಾಯನು ಅವನೇ.

ಆನೆಯನ್ನು ಓದುವವನು

ಆನೆಗೆ ಇಬ್ಬರು ಆಳುಗಳು. ಕೊರಳಿನ ಮೇಲೆ ಕುಳಿತು ನಡೆಯಿಸುವವನು ಮಾವುತ. ಅದಕ್ಕೆ ಸೊಪ್ಪು, ಹುಲ್ಲು, ನೀರು, ಸ್ನಾನ ಇವುಗಳನ್ನು ನೋಡಿಕೊಳ್ಳುವವನು ಕಾವಾಡಿ. ಬೆಳೆದ ಆನೆಯೊಂದು ದಿನಕ್ಕೆ ಸುಮಾರು ೧೫೦ ಕಿಲೋಗ್ರಾಮಿನಷ್ಟು ಮೇವನ್ನು ತಿಂದು, ನೂರು ಲೀಟರಿಗೂ ಮಿಕ್ಕಿ ನೀರನ್ನು ಕುಡಿಯುವುದು. ತಿಂದುದರಲ್ಲಿ ಅರ್ಧವೂ ಜೀರ್ಣವಾಗದು. ಆದುದರಿಂದಲೇ ಅದು ಹೋದಲ್ಲೆಲ್ಲ ಲದ್ದಿಯ ಮೂಲಕ ಬೀಜವನ್ನು ಬಿತ್ತುತ್ತ ಹೋಗುವುದು. ಇಷ್ಟೊಂದು ಮೇವನ್ನು ಕಟ್ಟಿಹಾಕಿ ಒದಗಿಸುವುದು ಯಾರಿಂದಲೂ ಸಾಧ್ಯವಿಲ್ಲ. ಆದುದರಿಂದ ಸ್ನಾನವಾಗಿ, ಹುಲ್ಲಿನೊಳಗೆ ಭತ್ತ ಬೆಲ್ಲಗಳನ್ನಿಟ್ಟು ಕಟ್ಟಿದ ಕುಸುರೆಯನ್ನು ತಿನ್ನಿಸಿದ ಮೇಲೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ. ಕಾಲಿನಲ್ಲಿ ಉದ್ದನೆಯ ಸರಪಳಿ ಎಳೆಯುತ್ತಿರುತ್ತದೆ. ರಾತ್ರಿಯೆಲ್ಲ ಮೇದು, ಮಲಗಿ, ತಿರುಗಾಡಿದ ಆನೆಯನ್ನು ಬೆಳಗಾಗುವಾಗ ಕಾವಾಡಿಯು ಸರಪಳಿಯ ಜಾಡನ್ನು ಹಿಡಿದು ಹುಡುಕಿ ಕರೆತರಬೇಕು.

"ಹಾಗಾದರೆ ದಿನಾ ತೌರುಮನೆಗೆ ಹೋಗಿ ಬಂದ ಹಾಗೆ" ಎಂದು ನನ್ನ ತಾಯಿ ಸಮಾಧಾನಪಟ್ಟುಕೊಂಡರು.

ಕಾವಾಡಿ ನಗಲಿಲ್ಲ. "ಹೌದಮ್ಮಾ. ಆದರೆ ತೌರಿಗೆ ಹೋದ ಮಗಳ ಕಾಲಿಗೆ ಯಾರೂ ಸರಪಳಿ ಹಾಕಿ ಕಳಿಸುವುದಿಲ್ಲ" ಎಂದನು.

ಆ ಮಾತಿನ ಮುಂದೆ ನಾವೆಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಈ ಸಲದ ಮೌನ ಯಾರ ಕರಾರಿನಿಂದಲೂ ಹುಟ್ಟಿದುದಲ್ಲ.

ಅವನೇ ಮುಂದುವರಿಸಿದನು. ಬಿಡಾರದ ಆನೆಗಳಲ್ಲಿ ಕೆಲವು ಇಲ್ಲಿಯೇ ಹುಟ್ಟಿದವು. ಕೆಲವು ಹೊಲಗದ್ದೆಗಳಿಗೂ ತೋಟಗಳಿಗೂ ನುಗ್ಗಿ, ಜನರ ಪ್ರಾಣಕ್ಕೂ ಅಪಾಯವಾಗಿ, ಕೊನೆಗೆ ಹಿಡಿದು ತಂದವು. ಅಂತಹ ಆನೆಯನ್ನು ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ಕ್ರಾಲ್ ಎಂಬ ದೊಡ್ಡಿಯೊಳಗೆ ಇಟ್ಟು, ತಿಂಗಳುಗಟ್ಟಲೆ ಕಬ್ಬು, ಬೆಲ್ಲ ಮತ್ತು ಮಾತುಗಳಿಂದ ಪಳಗಿಸುವರು. ಬೆಲ್ಲಕ್ಕಿಂತಲೂ ಮಾತೇ ಮುಖ್ಯವೆಂದು ಅವನು ಹೇಳಿದನು. ದಿನವೂ ಒಂದೇ ದನಿ, ಒಂದೇ ವಾಸನೆ, ಒಂದೇ ಮನುಷ್ಯ. ಹೀಗೆ ಪಳಗಿದ ಆನೆಗಳೇ ಮುಂದೆ ಬೇರೆ ಕಾಡಾನೆಗಳನ್ನು ಹಿಡಿಯುವ ಕೆಲಸಕ್ಕೆ ಹೋಗುವುದೂ ಉಂಟು.

ಹಿಂದಿನ ಅರಸರು ಆನೆಗಳನ್ನು ಹಿಡಿಯುತ್ತಿದ್ದುದು ಯುದ್ಧಕ್ಕೂ ವೈಭವಕ್ಕೂ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆನೆಗಳನ್ನು ಹಿಡಿಯುವ, ಪೋಷಿಸುವ ಕ್ರಮಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಮೈಸೂರು ಸೀಮೆಯ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದುದು ೧೯೭೧ರಲ್ಲಿ. ಮರುವರುಷವೇ ವನ್ಯಜೀವಿಗಳ ರಕ್ಷಣೆಯ ಕಾನೂನು ಬಂದಿತು. ಈಗ ಆನೆಯನ್ನು ಹಿಡಿಯುವುದು ನಮಗೆ ಆನೆ ಬೇಕೆಂದಲ್ಲ, ಅದು ನಡೆದಾಡುತ್ತಿದ್ದ ನೆಲ ನಮಗೆ ಬೇಕಾಯಿತೆಂದು. ೨೦೨೩ರ ಎಣಿಕೆಯಲ್ಲಿ ಕರ್ನಾಟಕದ ಕಾಡುಗಳಲ್ಲಿ ಸುಮಾರು ೬,೩೯೫ ಆನೆಗಳಿರುವುವೆಂದು ಅಂದಾಜಾಯಿತು. ಭಾರತದಲ್ಲಿ ಇಷ್ಟು ಆನೆಗಳಿರುವ ರಾಜ್ಯ ಬೇರೊಂದಿಲ್ಲ. ಇದು ಅಭಿಮಾನದ ಸಂಗತಿ. ಆದರೆ ಬೆಳೆಯನ್ನು ಕಳೆದುಕೊಂಡ ರೈತನ ಮನೆಯಲ್ಲಿ, ಮಗನನ್ನು ಕಳೆದುಕೊಂಡ ತಾಯಿಯ ಮುಂದೆ, ಈ ಅಭಿಮಾನದ ಮಾತನ್ನು ಆಡುವುದು ಸುಲಭವಲ್ಲ. ಎರಡು ಕಡೆಯ ದುಃಖವೂ ನಿಜವಾದುದು. ಈ ಎರಡರ ನಡುವೆ ನಿಂತಿರುವುದು ಆ ಸರಪಳಿ.

"ಆನೆಗೆ ಸೌಖ್ಯವಿಲ್ಲವೆಂದು ನಿನಗೆ ಹೇಗೆ ತಿಳಿಯುತ್ತದೆ?" ಎಂದು ಮಗಳು ಕೇಳಿದಳು. ಕಾವಾಡಿ ಹೇಳಿದ ಲಕ್ಷಣಗಳನ್ನು ಅವಳು ಬರೆದುಕೊಂಡಿದ್ದಾಳೆ. ಕಿವಿ ಬೀಸುತ್ತಿರಬೇಕು, ನಿಶ್ಚಲವಾದ ಕಿವಿ ಒಳ್ಳೆಯದಲ್ಲ. ಉಗುರಿನ ಮೇಲಣ ಅಂಚು ಒದ್ದೆಯಾಗಿರಬೇಕು. ಮೈಯೆಲ್ಲ ಬೆವರದ ಆನೆಯು ಬೆವರುವುದು ಅಲ್ಲಿಯೇ. ಲದ್ದಿಯನ್ನು ಒಡೆದು ನೋಡಬೇಕು. ಹುಲ್ಲು ಅಗಿಯದೆ ಉದ್ದುದ್ದ ಬಂದಿದ್ದರೆ ಹಲ್ಲು ಸವೆಯಿತೆಂದು ಅರ್ಥ. ಆನೆಗೆ ಜನ್ಮದಲ್ಲಿ ಆರು ಸಲ ದವಡೆಹಲ್ಲು ಬರುವುದು. ಆರನೆಯದೂ ಸವೆದರೆ ಎದುರಿಗೆ ಎಷ್ಟು ಮೇವಿದ್ದರೂ ಪ್ರಯೋಜನವಿಲ್ಲ. ಈ ವಿದ್ಯೆಯನ್ನು ಎಲ್ಲಿ ಕಲಿತೆಯೆಂದರೆ, "ಅಪ್ಪನ ಹಿಂದೆ ನಡೆದು" ಎಂದನು. ಮಗನು ಕಲಿತನೇ ಎಂಬ ಪ್ರಶ್ನೆಗೆ, ಅವನು ಪಟ್ಟಣದಲ್ಲಿ ಕೆಲಸಕ್ಕಿದ್ದಾನೆ ಎಂದು ಉತ್ತರ ಬಂದಿತು.

ಬಿಸಿಲೇರುವ ಮೊದಲು ಆನೆಗಳು ಒಂದೊಂದಾಗಿ ಹೊರಟವು. ಹಸುರಿನೊಳಗೆ ಅವು ಮರೆಯಾದ ಮೇಲೆಯೂ ಸರಪಳಿಯ ಸಪ್ಪಳ ಸ್ವಲ್ಪ ದೂರದವರೆಗೆ ಕೇಳಿಸುತ್ತಿದ್ದಿತು.

ಕವಲೇದುರ್ಗದ ಬಾಗಿಲುಗಳು

ಹಿಂದಿರುಗುವ ದಾರಿಯಲ್ಲಿ ಮಂಡಗದ್ದೆಯಲ್ಲಿ ಇಳಿದು, ತುಂಗೆಯ ನಡುವಣ ಪುಟ್ಟ ನಡುಗಡ್ಡೆಯನ್ನು ಕಂಡೆವು. ಮಳೆಗಾಲದಲ್ಲಿ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಸಾವಿರ ಲೆಕ್ಕದಲ್ಲಿ ಬಂದು ಇಲ್ಲಿ ಗೂಡು ಕಟ್ಟುವುವು. ನಾವು ಹೋದಾಗ ಬಾಣಂತನ ಮುಗಿದ ಮನೆಯ ಹಾಗೆ ಕೊಂಬೆಗಳು ಬರಿದಾಗಿದ್ದವು. ಹಕ್ಕಿಗಳನ್ನು ನೋಡಬೇಕೆನ್ನುವವರು ಆಷಾಢ ಶ್ರಾವಣಗಳಲ್ಲಿ ಬರತಕ್ಕದ್ದು. ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಕವಲೇದುರ್ಗದ ಬುಡಕ್ಕೆ ಬಂದಾಗ ಎರಡು ಗಂಟೆ.

ಗದ್ದೆಯ ಬದುವಿನ ಮೇಲೆ ನಡೆದು ಕಾಡನ್ನು ಹೊಕ್ಕರೆ ಹಾಸುಗಲ್ಲಿನ ದಾರಿ ತೊಡಗುವುದು. ಕೆಳದಿಯ ನಾಯಕರ ಗಟ್ಟಿಯಾದ ದುರ್ಗಗಳಲ್ಲಿ ಇದೊಂದು. ಭುವನಗಿರಿಯೆಂದು ಇದರ ಇನ್ನೊಂದು ಹೆಸರು. ಸುತ್ತುಗೋಡೆ ಒಂದರೊಳಗೊಂದು, ಪ್ರತಿಯೊಂದಕ್ಕೂ ಬಾಗಿಲು, ಬಾಗಿಲಿನ ಇಕ್ಕೆಲದಲ್ಲಿಯೂ ಕಾವಲಿನವರ ಕೋಣೆ. ಗಾರೆಯ ಹಂಗಿಲ್ಲದೆ ಕಲ್ಲಿನ ಮೇಲೆ ಕಲ್ಲು ಕುಳಿತಿದೆ. ಮೇಲೆ ಕಾಶೀವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ಅಡಿಪಾಯ. ತಾಯಿಯವರಿಗೆ ಮೇಲಿನವರೆಗೆ ಹತ್ತಲಾದೀತೇ ಎಂದು ನಮಗೆ ಶಂಕೆಯಿದ್ದಿತು. ಅವರು ನಮ್ಮೆಲ್ಲರಿಗಿಂತ ನಿಧಾನವಾಗಿ, ಆದರೆ ಎಲ್ಲಿಯೂ ಕೂರದೆ ಹತ್ತಿದರು.

ಇಲ್ಲಿಯ ಐದು ನಿಮಿಷವನ್ನು ಅರಮನೆಯ ತಳಪಾಯದ ನಡುವೆ ಕಳೆದೆವು. ಗಂಡಸರು ಗೋಡೆಯನ್ನೂ ಬುರುಜನ್ನೂ ನೋಡಿದ್ದರೆ, ಹೆಂಗಸರ ಕಣ್ಣಿಗೆ ಬಿದ್ದುದು ಅಡಿಗೆಮನೆಯ ಕಲ್ಲಿನ ಒಲೆ, ಬಚ್ಚಲಿನ ನೀರು ಹೊರಗೆ ಹೋಗಲು ಕಡಿದ ಕಲ್ಲಿನ ಕಾಲುವೆ. "ಯುದ್ಧ ದಿನಾ ಇರುವುದಿಲ್ಲ, ಅಡಿಗೆ ದಿನಾ ಇರುತ್ತದೆ" ಎಂದು ಬ್ರಹ್ಮಾವರದ ಗೃಹಿಣಿಯರೊಬ್ಬರು ಹೇಳಿದುದನ್ನು ಮೇಷ್ಟರು ಬಹಳವಾಗಿ ಮೆಚ್ಚಿದರು.

ಇಳಿಯುವಾಗ ಬಾಗಿಲೊಂದರ ಬಳಿ ಅವರು ಮಕ್ಕಳನ್ನು ನಿಲ್ಲಿಸಿ ಒಂದು ಪ್ರಶ್ನೆ ಹಾಕಿದರು. ನಮ್ಮ ಹಳೆಯ ಕೋಟೆಗಳಲ್ಲಿ ಬಾಗಿಲಿಗೆ ಬರುವ ದಾರಿಯನ್ನು ನೇರವಾಗಿ ಇಡದೆ ಸುತ್ತಿ ಬಳಸಿ ಏಕೆ ಇಡುತ್ತಿದ್ದರು? ಬಾಗಿಲಿನ ಹಲಗೆಗಳಿಗೆ ಕಬ್ಬಿಣದ ಮೊಳೆಗಳನ್ನು ಏಕೆ ಹೊಡೆಯುತ್ತಿದ್ದರು? ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಬೆಳಗ್ಗೆ ಉಗುರನ್ನೆಣಿಸಿದ ಹುಡುಗನೇ "ಆನೆ!" ಎಂದು ಕೂಗಿದನು. ಅಹುದು, ಶತ್ರುವಿನ ಆನೆ ಓಡಿಬಂದು ಹಣೆಯಿಂದ ಬಾಗಿಲನ್ನು ಗುದ್ದಬಾರದೆಂದು ದಾರಿಗೆ ತಿರುವು, ಓಟಕ್ಕೆ ಎಡೆಯಿಲ್ಲದ ಆನೆಗೆ ಅರ್ಧ ಬಲ. ಗುದ್ದಿದರೂ ನೋಯಲೆಂದು ಮೊಳೆ. ಅಂದರೆ ಈ ಕಲ್ಲುಗಳಿಗೆ ಈ ರೂಪ ಬಂದುದು, ಇಲ್ಲಿ ಒಂದು ಆನೆಯೂ ಇಲ್ಲದಿರುವಾಗಲೂ, ಆನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡುದರಿಂದ. ಮುಂಜಾನೆಯ ಬಿಡಾರವನ್ನೂ ಮಧ್ಯಾಹ್ನದ ಕೋಟೆಯನ್ನೂ ಮೇಷ್ಟರು ಒಂದೇ ದಿನದಲ್ಲಿ ಏಕೆ ಕಟ್ಟಿಕೊಟ್ಟರೆಂಬುದು ನಮಗೆ ಆಗ ಹೊಳೆಯಿತು.

ಬಿದನೂರಿನ ಸಂಜೆ

ನಗರದ ಕೋಟೆಯನ್ನು ಮುಟ್ಟಿದಾಗ ಬಿಸಿಲು ಹಳದಿಯಾಗಿದ್ದಿತು. ಈ 'ನಗರ'ವೇ ಹಿಂದಿನ ಬಿದನೂರು. ಬಿದಿರು ಬೆಳೆದ ಊರಾದುದರಿಂದ ಬಿದಿರೂರು, ಬಿದನೂರು, ಸಂಸ್ಕೃತದಲ್ಲಿ ವೇಣುಪುರ. ಸುಮಾರು ೧೫೦೦ರಿಂದ ೧೭೬೩ರವರೆಗೆ ಆಳಿದ ಕೆಳದಿಯ ಅರಸರು ಮೊದಲು ಕೆಳದಿಯಲ್ಲಿಯೂ, ಅನಂತರ ಇಕ್ಕೇರಿಯಲ್ಲಿಯೂ ಇದ್ದು, ಸುಮಾರು ೧೬೪೦ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದರು. ಏಕೆ ತಂದರೆಂಬುದನ್ನು ನಾವು ಆ ದಿನ ಬೆಳಗಿನ ಜಾವದಲ್ಲಿಯೇ ಅನುಭವಿಸಿದ್ದೆವು: ಬಿದನೂರಿನಿಂದ ಹೊಸಂಗಡಿಯ ಘಟ್ಟವನ್ನು ಇಳಿದರೆ ಕುಂದಾಪುರ, ಬಸ್ರೂರು, ಗಂಗೊಳ್ಳಿ. ಘಟ್ಟದ ಮೇಲಿನ ಮೆಣಸೂ, ಕೆಳಗಿನ ಅಕ್ಕಿಯೂ ಹಡಗನ್ನು ಸೇರುತ್ತಿದ್ದುದು ಈ ಬಂದರುಗಳಲ್ಲಿ. ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿಕೊಂಡು ಕುಳಿತುದು ಇದಕ್ಕಾಗಿಯೇ. ೧೬೫೨ರಿಂದ ೧೬೫೪ರೊಳಗೆ ಶಿವಪ್ಪನಾಯಕನು ಅವರನ್ನು ಹೊನ್ನಾವರ, ಬಸ್ರೂರುಗಳಿಂದ ಎಬ್ಬಿಸಿದುದೂ ಇದಕ್ಕಾಗಿಯೇ. ೧೬೬೫ರಲ್ಲಿ ಶಿವಾಜಿಯ ಹಡಗುಗಳು ಬಸ್ರೂರಿನ ಮೇಲೆ ಬಿದ್ದುದಕ್ಕೂ ಆ ಸಿರಿಯೇ ಕಾರಣ.

ಇಲ್ಲಿಯೂ ಐದು ನಿಮಿಷ. ಕಂದಕದಲ್ಲಿ ನೀರು ನಿಂತಿದ್ದಿತು. ಅಕ್ಕತಂಗಿಯರ ಕೊಳದ ಮೇಲೆ ಸಂಜೆಯ ಬೆಳಕು ಬಿದ್ದಿದ್ದಿತು. ದರ್ಬಾರು ನಡೆದ ಜಗಲಿಯ ಮೇಲೆ ಹುಲ್ಲು. ಒಂದು ಗೋಡೆಯ ಮೇಲೆ ಯಾವನೋ ಪುಣ್ಯಾತ್ಮನು ತನ್ನ ಹೆಸರನ್ನೂ, ತನಗೆ ಬೇಕಾದವಳ ಹೆಸರನ್ನೂ ಮೊಳೆಯಿಂದ ಕೊರೆದಿದ್ದನು. ಇನ್ನೂರು ಮುನ್ನೂರು ವರುಷ ಮಳೆಗೆ ಕರಗದ ಕಲ್ಲು ಐದು ನಿಮಿಷದ ಅವಿವೇಕಕ್ಕೆ ಗಾಯಗೊಂಡುದನ್ನು ಕಂಡು ಮಕ್ಕಳೇ ತಲೆತಗ್ಗಿಸಿದರು.

ಆಗ ಮೇಷ್ಟರು ಹೇಳಿದ ವೃತ್ತಾಂತವು ಯುದ್ಧದ್ದಾಗಿರಲಿಲ್ಲ. ಶಿವಪ್ಪನಾಯಕನು (ಆಳ್ವಿಕೆ ೧೬೪೫–೧೬೬೦) ತನ್ನ ಸೀಮೆಯ ಭೂಮಿಗೆ ಕಂದಾಯವನ್ನು ನಿಷ್ಕರ್ಷಿಸಬೇಕಾದಾಗ ಒಮ್ಮೆಗೇ ಅಪ್ಪಣೆ ಹೊರಡಿಸಲಿಲ್ಲವಂತೆ. ನೆಲವನ್ನು ಅದರ ಗುಣಕ್ಕೂ ನೀರಿನ ಅನುಕೂಲಕ್ಕೂ ತಕ್ಕಂತೆ ಐದು ತರಗತಿಯಾಗಿ ವಿಂಗಡಿಸಿ, ಪ್ರತಿಯೊಂದು ತರದ ನೆಲದಲ್ಲಿಯೂ ಹನ್ನೆರಡು ವರುಷ ಬಿತ್ತಿಸಿ, ಬೆಳೆದುದನ್ನು ಅಳೆಯಿಸಿ, ಸರಾಸರಿಯನ್ನು ತೆಗೆದು, ಅದರ ಮೂರರಲ್ಲಿ ಒಂದು ಪಾಲನ್ನು ಸರಕಾರಕ್ಕೆಂದು ಗೊತ್ತುಮಾಡಿದನು. ಅದಕ್ಕೆ 'ಶಿಸ್ತು' ಎಂದು ಹೆಸರಾಯಿತು. ಅವನನ್ನು ನಾವು ಇಂದಿಗೂ ಶಿಸ್ತಿನ ಶಿವಪ್ಪನಾಯಕನೆಂದು ಕರೆಯುವುದು ಈ ಕಾರಣದಿಂದ.

"ಒಂದು ನೆಲವನ್ನು ಹನ್ನೆರಡು ವರುಷ ನೋಡಿ ಆಮೇಲೆ ಮಾತನಾಡಿದನು. ಇವತ್ತು ಬೆಳಿಗ್ಗೆ ಆ ಕಾವಾಡಿ ಒಂದು ಜೀವವನ್ನು ಜನ್ಮವೆಲ್ಲ ನೋಡಿ ನಾಲ್ಕು ಮಾತನಾಡಿದನು. ನಾನು ನಿಮ್ಮಿಂದ ಕೇಳಿದ್ದು ಐದೇ ನಿಮಿಷ" ಎಂದು ಮೇಷ್ಟರು ಹೇಳಿದಾಗ ನಾವು ಯಾರೂ ನಗಲಿಲ್ಲ.

ಉಳಿದ ಕಥೆ ಚಿಕ್ಕದು. ೧೬೮೯ರಲ್ಲಿ ಔರಂಗಜೇಬನ ಸೈನ್ಯದ ಭಯವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿಯ ಸಿಂಹಾಸನ ಇದ್ದುದು ಇಲ್ಲಿಯೇ. ೧೭೬೩ರಲ್ಲಿ ಹೈದರಾಲಿಯು ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. ಅದರ ಬಾಲವೇ ಇಂದಿನ 'ನಗರ'. ೧೭೮೩ರ ಜನವರಿಯಲ್ಲಿ ಇಂಗ್ಲೀಷರ ಸೇನಾಪತಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನು ಏರಿ ಬಿದನೂರನ್ನು ವಶಮಾಡಿಕೊಂಡನು. ಅದೇ ವರುಷದಲ್ಲಿ ಟಿಪ್ಪುವು ಅದನ್ನು ಮರಳಿ ಪಡೆದು ಅವನನ್ನು ಸೆರೆಹಿಡಿದನು. ನಾವು ಬುತ್ತಿಯ ಡಬ್ಬಿಗಳನ್ನು ಹೊತ್ತು ಬಂದ ದಾರಿಯಲ್ಲಿಯೇ ಆ ಸೇನೆ ತೋಪುಗಳನ್ನು ಹೊತ್ತು ಬಂದಿದ್ದಿತು.

ಕತ್ತಲಾಗುವ ಮೊದಲು ಘಟ್ಟವನ್ನು ಇಳಿಯಬೇಕಾದುದರಿಂದ ದೇವಗಂಗೆಯ ಕೊಳಗಳನ್ನು ನೋಡಲಾಗಲಿಲ್ಲ. ಕೊಪ್ಪಲು ಮಠದಲ್ಲಿರುವ ಶಿವಪ್ಪನಾಯಕನ ಸಮಾಧಿಗೆ ಹೋಗಿ ನಮಸ್ಕರಿಸಿ ಹೊರಟೆವು.

ಮನೆಯ ಕಡೆಗೆ

ಬೆಳಿಗ್ಗೆ ಕತ್ತಲೆಯಲ್ಲಿ ಕಾಣದ ಘಟ್ಟವನ್ನು ಸಂಜೆಯ ಕೊನೆಯ ಬೆಳಕಿನಲ್ಲಿ ಕಂಡೆವು. ಕೆಳಗೆ, ದೂರದಲ್ಲಿ, ಕಡಲಿನ ಕಡೆಗೆ ನೆಲವು ಇಳಿಯುತ್ತ ಹೋಗಿದ್ದಿತು. ಮಕ್ಕಳು ಒಬ್ಬೊಬ್ಬರಾಗಿ ನಿದ್ರೆಹೋದರು. ತಾಯಿಯವರು ಮಾತ್ರ ಎಚ್ಚರವಾಗಿದ್ದರು. ಬಸ್ರೂರನ್ನು ದಾಟುವಾಗ ಗಾಜಿನ ಹೊರಗೆ ನೋಡುತ್ತ, "ಈಗ ಆ ಆನೆ ಕಾಡಿನಲ್ಲಿ ಇರಬಹುದಲ್ಲವೇ?" ಎಂದರು. ನಾನು ಹೌದೆಂದೆನು. ಸ್ವಲ್ಪ ಹೊತ್ತಿನ ಮೇಲೆ, "ಸರಪಳಿ ಎಲ್ಲಿಯೂ ಬೇರಿಗೆ ಸಿಕ್ಕಿಕೊಳ್ಳದಿದ್ದರೆ ಸಾಕು" ಎಂದರು.

೨೦೧೦ರಲ್ಲಿ ಭಾರತ ಸರಕಾರವು ಆನೆಯನ್ನು ರಾಷ್ಟ್ರೀಯ ಪಾರಂಪರಿಕ ಪ್ರಾಣಿಯೆಂದು ಸಾರಿತು. ಪರಂಪರೆಯೆಂಬ ಆ ಮಾತನ್ನು ನಾವು ಇಷ್ಟರವರೆಗೆ ಕಲ್ಲಿಗೆ ಮಾತ್ರ ಹೇಳುತ್ತಿದ್ದೆವು. ಕಲ್ಲಿಗೆ ತಾಳ್ಮೆಯಿದೆ, ನಮ್ಮ ತಲೆಮಾರು ಅದನ್ನು ಮರೆತರೂ ಮುಂದಿನವರು ನೆನೆಯುವವರೆಗೆ ಅದು ಕಾದೀತು. ಆನೆಗೆ ಅಷ್ಟು ಕಾಲವಿಲ್ಲ. ಅದಕ್ಕೆ ಇವತ್ತಿನ ಮೇವು ಇವತ್ತೇ ಬೇಕು, ನಾಳೆ ನಡೆಯಲು ಕಾಡು ನಾಳೆ ಇರಬೇಕು. ಆ ಮುದುಕನ ತಲೆಯಲ್ಲಿರುವ ವಿದ್ಯೆಗಂತೂ ಇನ್ನೂ ಕಡಮೆ ಕಾಲ.

ಹೋಗಬೇಕೆನ್ನುವ ವಾಚಕರಿಗೆ ಕೆಲವು ಮಾತು. ಕಾರ್ತಿಕದಿಂದ ಮಾಘದವರೆಗೆ ಉತ್ತಮ ಕಾಲ. ಮಳೆಗಾಲದಲ್ಲಿ ಘಟ್ಟದ ದಾರಿಯ ಸ್ಥಿತಿಯನ್ನು ವಿಚಾರಿಸದೆ ಹೊರಡಬಾರದು, ಕವಲೇದುರ್ಗದಲ್ಲಿ ಉಂಬಳಗಳ ಕಾಟವೂ ಉಂಟು. ಬಿಡಾರಕ್ಕೆ ಒಂಬತ್ತು ಗಂಟೆಯ ಒಳಗೆ ತಲಪಬೇಕು. ಕಾವಾಡಿಯ ಅಪ್ಪಣೆಯಿಲ್ಲದೆ ಆನೆಗೆ ಏನನ್ನೂ ತಿನ್ನಿಸಕೂಡದು. ಕುಡಿಯುವ ನೀರನ್ನು ಒಯ್ಯಿರಿ. ಖಾಲಿ ಸೀಸೆಗಳನ್ನು ಮನೆಗೆ ತನ್ನಿರಿ. ಸ್ಥಳವನ್ನು ಬಲ್ಲವರೊಬ್ಬರನ್ನು ತಪ್ಪದೆ ಜೊತೆಗೆ ಕರೆದುಕೊಳ್ಳಿರಿ, ಮತ್ತು ಅವರು ಕೇಳದಿದ್ದರೂ ಆ ಐದು ನಿಮಿಷವನ್ನು ಕೊಡಿರಿ.

ಮರುದಿನ ಬೆಳಿಗ್ಗೆ ನನ್ನ ಮಗಳು ಅಂಗಳದ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು. ಏನು ಮಾಡುತ್ತಿರುವೆಯೆಂದು ಕೇಳಿದೆನು. ಕೊಟ್ಟಿಗೆಯ ಹಸುವಿನ ಕಿವಿಯನ್ನು ನೋಡುತ್ತಿದ್ದೇನೆ ಎಂದಳು.